ಮಲಗಿ ನೋಡಿ, ಆಮೇಲೆ ಕೊಡಿ

ನಮ್ಮ ಬೀದಿಯಲ್ಲಿ ದಿವಾಳಿಯಾಗಲು ಅರ್ಜಿ ಹಾಕಿದ ಮೊದಲನೆಯವರು ಹಾಸಿಗೆ ಅಂಗಡಿಯ ಮೆತ್ತಣ್ಣ. ಅದಕ್ಕೆ ಮುಂಚೆ ಇಲ್ಲಿ ಯಾರೂ ದಿವಾಳಿಯಾಗಿರಲಿಲ್ಲ ಎಂದಲ್ಲ. ಆಗುತ್ತಲೇ ಇದ್ದರು, ಅರ್ಜಿ ಹಾಕುತ್ತಿರಲಿಲ್ಲ ಅಷ್ಟೆ. ಒಂದು ಬೆಳಿಗ್ಗೆ ಬಾಗಿಲಿಗೆ ಬೀಗ ಕಾಣುತ್ತಿತ್ತು, ಸಾಲ ಕೊಟ್ಟವರು ಬಂದು ಬೀಗವನ್ನು ಅಲ್ಲಾಡಿಸಿ ನೋಡಿ ಹೋಗುತ್ತಿದ್ದರು. ಸರ್ಕಾರಕ್ಕೆ ತಿಳಿಸಿ, ಮುದ್ರೆ ಒತ್ತಿಸಿಕೊಂಡು, ಮರ್ಯಾದೆಯಿಂದ ಮುಳುಗಬಹುದು ಎಂಬುದನ್ನು ನಮಗೆ ತೋರಿಸಿಕೊಟ್ಟವರು ಅವರು.

ಮೆತ್ತಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಹತ್ತಿ ಎಕ್ಕಿ ಎಕ್ಕಿ ಅವರ ಹುಬ್ಬಿನ ಮೇಲೆ, ಕಿವಿಯ ಅಂಚಿನಲ್ಲಿ ಸದಾ ಒಂದಿಷ್ಟು ನವಿರು ಕೂತಿರುತ್ತಿತ್ತು. ಅವರು ಮಾತಾಡಿದರೆ ಆ ನವಿರು ಕೂಡ ಅಲುಗುತ್ತಿರಲಿಲ್ಲ, ಅಷ್ಟು ಮೆಲುದನಿ. ಅವರೆದುರು ಸ್ವಲ್ಪ ಹೊತ್ತು ನಿಂತರೆ ಎಂಥವರಿಗೂ ಆಕಳಿಕೆ ಬರುತ್ತಿತ್ತು. ಹಾಸಿಗೆ ಮಾರುವವನಿಗೆ ಅದು ಒಳ್ಳೆಯ ಗುಣ. ಸಾಲ ವಸೂಲಿ ಮಾಡುವವನಿಗೆ ಅಲ್ಲ.

ಅಂಗಡಿಯ ನೆತ್ತಿಯ ಮೇಲಿನ ಹಲಗೆಯಲ್ಲಿ ಅವರ ಅಪ್ಪ ಬರೆಸಿದ ಮಾತೊಂದಿತ್ತು: ಮಲಗಿ ನೋಡಿ, ಆಮೇಲೆ ಕೊಡಿ. ಹಾಸಿಗೆಯನ್ನು ಮನೆಗೆ ಒಯ್ಯಬಹುದು. ನಿದ್ದೆ ಬರದಿದ್ದರೆ ವಾಪಸ್ ತರಬೇಕು. ಬಂದರೆ ಅಂಗಡಿಗೆ ಬಂದು 'ನಿದ್ದೆ ಬಂತು' ಎಂದು ಬಾಯಿಬಿಟ್ಟು ಹೇಳಿ ಹಣ ಕೊಡಬೇಕು. ಆ ಎರಡು ಮಾತೇ ಕರಾರು, ಅದೇ ರಸೀದಿ. ಅಪ್ಪನ ಕಾಲದಲ್ಲಿ ಇದು ಚೆನ್ನಾಗಿ ನಡೆಯಿತು, ಏಕೆಂದರೆ ಅಪ್ಪ ಬೀದಿಯ ಆ ತುದಿಯಲ್ಲಿ ಗಿರಾಕಿಯನ್ನು ಕಂಡರೆ ಈ ತುದಿಯಿಂದಲೇ 'ಏನ್ರೀ, ನಿದ್ದೆ ಬಂತಾ?' ಎಂದು ಕೂಗುತ್ತಿದ್ದರು. ಮಲಗಿದ್ದವರೂ ಎದ್ದು ಬಂದು ಹಣ ಎಣಿಸುತ್ತಿದ್ದರು. ಮೆತ್ತಣ್ಣನಿಗೆ ಆ ಪ್ರಶ್ನೆ ಗಂಟಲಿನಿಂದ ಮೇಲಕ್ಕೆ ಬರುತ್ತಿರಲಿಲ್ಲ. ಒಬ್ಬರ ನಿದ್ದೆಯ ವಿಷಯ ಕೇಳುವುದು ಅವರ ಕೋಣೆಗೆ ಹೇಳದೆ ನುಗ್ಗಿದಂತೆ ಎಂದು ಅವರ ಭಾವನೆ. ಎದುರು ಸಿಕ್ಕವರನ್ನು 'ಹೇಗಿದೀರಿ' ಎಂದು ಕೇಳುವರು. 'ಏನೋ, ನಡೀತಿದೆ' ಎಂದು ಅವರು ಹೇಳುವರು. ಹೀಗೆ ಇಡೀ ಬೀದಿ ಅವರ ಹಾಸಿಗೆಗಳ ಮೇಲೆ ಮಲಗಿತ್ತು, ಒಂದು ಮನೆಯ ಹೊರತು ಯಾರೂ ಹಣ ಕೊಟ್ಟಿರಲಿಲ್ಲ, ಎಲ್ಲ ನಡೆಯುತ್ತಿತ್ತು.

ಇಷ್ಟೇ ಆಗಿದ್ದರೆ ಮೆತ್ತಣ್ಣ ನಿಧಾನವಾಗಿ ಮುಳುಗುತ್ತಿದ್ದರು. ಬೇಗ ಮುಳುಗಿಸಿದ್ದು ಒಂದು ಗಾಜು. ದೊಡ್ಡ ಅಂಗಡಿಗಳಿಗೆ ಮುಂದೆ ಆಳೆತ್ತರದ ಗಾಜು ಇರುತ್ತದೆ ಎಂದು ಯಾರೋ ಹೇಳಿದರು. ಗಾಜು ಬಂತು, ಸಾಲದ ಮೇಲೆ. ಗಾಜು ಬಂದ ಮೇಲೆ ಹಿಂದೆ ಏನಾದರೂ ಇರಬೇಕಲ್ಲ. ಅಂಗಡಿಯಿಂದ ಬೇರೆ ಮಾಡುವ ಅಡ್ಡಗೋಡೆಯೂ ಬಾಗಿಲೂ ಬಂದವು, ಕೆತ್ತನೆಯ ಮಂಚ ಬಂತು, ಅಂಗಡಿಯಲ್ಲೇ ಶ್ರೇಷ್ಠವಾದ ಹಾಸಿಗೆ ಅದರ ಮೇಲೇರಿತು. ಬರೀ ಹಾಸಿಗೆ ನೋಡಿದರೆ ಯಾರಿಗೂ ಏನೂ ಅನಿಸುವುದಿಲ್ಲ ಎಂದು ಅದರ ಮೇಲೆ ಮಲಗಲು ಹೆಂಡತಿಯ ತಮ್ಮನನ್ನು ಸಂಬಳಕ್ಕೆ ಇಟ್ಟುಕೊಂಡರು.

ಭಾವಮೈದುನ ಮೂವತ್ತು ದಾಟಿದ, ಗಟ್ಟಿಮುಟ್ಟಾದ ಆಳು. ಅದುವರೆಗೆ ಯಾವ ಕೆಲಸಕ್ಕೂ ಒಗ್ಗಿರಲಿಲ್ಲ. ಈ ಕೆಲಸಕ್ಕೆ ಹುಟ್ಟಿ ಬಂದವನಂತಿದ್ದ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಮುಖ ತೊಳೆದು, ತಲೆ ಬಾಚಿ, ಇಸ್ತ್ರಿ ಹಾಕಿದ ಪೈಜಾಮ ತೊಟ್ಟು ಮಲಗಿದರೆ ಸಂಜೆ ಬಾಗಿಲು ಹಾಕುವಾಗ ಏಳುತ್ತಿದ್ದ. ತುಟಿಯ ಮೇಲೆ ಸಣ್ಣ ನಗು, ಎದೆಯ ಮೇಲೆ ಒಂದು ಕೈ, ಗೊರಕೆ ಇಲ್ಲ. ಜನ ಗಾಜಿನ ಮುಂದೆ ನಿಂತು ದನಿ ತಗ್ಗಿಸಿ ಮಾತಾಡುತ್ತಿದ್ದರು. ಮಕ್ಕಳನ್ನು ಕರೆತಂದು ಅವನನ್ನು ತೋರಿಸಿ ಬುದ್ಧಿ ಹೇಳಿದವರೂ ಉಂಟು. ಗಿರಾಕಿಗಳು ಹೆಚ್ಚಿದರು. ಅಂದರೆ, ಹಾಸಿಗೆ ಒಯ್ಯುವವರು ಹೆಚ್ಚಿದರು.

ಅವನಿಗೆ ಇದ್ದ ಆಸೆ ಒಂದೇ. ಮನೆಯಲ್ಲಿ ಅಕ್ಕ-ಭಾವನ ಹಜಾರದಲ್ಲಿ ಮಲಗುವುದು, ಅಂಗಡಿಯಲ್ಲಿ ಊರ ಕಣ್ಣಿನ ಮುಂದೆ ಮಲಗುವುದು ಅವನಿಗೆ ಸಾಕಾಗಿತ್ತು. ಬಾಗಿಲಿರುವ ಒಂದು ಕೋಣೆ ಬಾಡಿಗೆಗೆ ಹಿಡಿಯಬೇಕು, ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕು. ಕೋಣೆಯನ್ನು ನೋಡಿಯೂ ಇಟ್ಟಿದ್ದ. ಸಂಬಳ ಕೈಗೆ ಬರುವುದೇ ಬಾಕಿ. ಸಂಬಳ ಮಾತ್ರ ಒಂದು ತಿಂಗಳೂ ಬಂದಿರಲಿಲ್ಲ.

ಹತ್ತಿ ವ್ಯಾಪಾರಿ ಹತ್ತಿ ನಿಲ್ಲಿಸಿದ ಮೇಲೆ ಬೀದಿಗೆ ಮೆತ್ತಣ್ಣನ ಸ್ಥಿತಿ ತಿಳಿಯಿತು. ಎಲ್ಲರೂ ಬಂದು ಒಂದೇ ಗಾದೆಯನ್ನು ಹೇಳಿ ಹೋದರು: ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು. ಅಂಗಡಿಯಿದ್ದ ಕಟ್ಟಡದ ಮಾಲೀಕರು ಬಾಡಿಗೆ ಕೇಳಲು ಬಂದವರು ಗಾದೆಯನ್ನೂ ಹೇಳಿದರು. ಮೆತ್ತಣ್ಣನಿಗೆ ಇದು ಕಸುಬಿನ ಮೇಲೆಯೇ ಮಾಡಿದ ಅವಮಾನವೆನಿಸಿತು. ಕಾಲು ಇದ್ದಷ್ಟು ಹಾಸಿಗೆ ಹೊಲಿಯುವುದು ತಮ್ಮ ವಂಶದ ಕೆಲಸ, ಕಾಲು ಮಡಚಿಕೊಳ್ಳಿ ಎಂದು ಗಿರಾಕಿಗೆ ಹೇಳುವ ಅಂಗಡಿ ಎಲ್ಲಾದರೂ ಉಂಟೇ ಎಂದು ಹೆಂಡತಿಯ ಹತ್ತಿರ ನೊಂದುಕೊಂಡರು. ಹೆಂಡತಿ ಗಾದೆಯ ತಂಟೆಗೆ ಹೋಗಲಿಲ್ಲ. ಕಚೇರಿಯ ಹೊರಗೆ ಕೂತು ಅರ್ಜಿ ಬರೆದುಕೊಡುವ ಟೈಪಿಂಗ್ ಅಮ್ಮನ ಹತ್ತಿರ ಗಂಡನನ್ನು ಎಳೆದುಕೊಂಡು ಹೋದರು.

ಟೈಪಿಂಗ್ ಅಮ್ಮ ಬಾಯಲ್ಲಿ ಕಾಗದ ಕಚ್ಚಿಕೊಂಡೇ ಕಾನೂನು ಹೇಳುತ್ತಿದ್ದರು. ಕೊಡಬೇಕಾದ್ದು ಇರುವುದಕ್ಕಿಂತ ಜಾಸ್ತಿಯಾಗಿದ್ದರೆ ಮಾತ್ರ ಅರ್ಜಿ ಹಾಕಬಹುದು. ಯಾರಿಗೆ ಎಷ್ಟು ಕೊಡಬೇಕು, ತನ್ನದು ಅಂತ ಏನೇನಿದೆ, ಎಲ್ಲ ಬರೆಯಬೇಕು. ಅರ್ಜಿ ಒಳಗೆ ಹೋದ ದಿನದಿಂದ ಸಾಲ ಕೊಟ್ಟವರು ಬಾಗಿಲು ತಟ್ಟುವ ಹಾಗಿಲ್ಲ. ಅಧಿಕಾರಿ ಎಲ್ಲರನ್ನೂ ಕೂರಿಸಿ ವಿಚಾರಿಸುತ್ತಾರೆ. ಇದ್ದದ್ದನ್ನು ಮಾರಿ ಅವರವರ ಪಾಲಿನಂತೆ ಹಂಚುತ್ತಾರೆ. ಕೆಲಸಗಾರರ ಸಂಬಳಕ್ಕೆ ಮೊದಲ ಪಾಲು. ಉಳಿದ ಸಾಲಕ್ಕೆಲ್ಲ ಗೆರೆ ಎಳೆದು ಬಿಡುಗಡೆ ಕೊಡುತ್ತಾರೆ. ಆದರೆ ಏನನ್ನಾದರೂ ಬಚ್ಚಿಟ್ಟರೆ, ಅಥವಾ ಅರ್ಜಿಗೆ ಮುಂಚೆ ಆಪ್ತರ ಮನೆಗೆ ಸಾಗಿಸಿದ್ದರೆ, ಮುಗಿಯಿತು; ಅರ್ಜಿಯೂ ಹೋಯಿತು, ಅರ್ಜಿ ಹಾಕಿದವನೂ ಒಳಗೆ ಹೋದ.

ಇದರಲ್ಲಿ ಮೆತ್ತಣ್ಣನ ಕಿವಿಗೆ ಬಿದ್ದದ್ದು 'ಬಿಡುಗಡೆ' ಎಂಬ ಒಂದು ಮಾತು. ಜೊತೆಗೆ ಬಂದಿದ್ದ ಭಾವಮೈದುನನ ಕಿವಿಗೆ ಬಿದ್ದದ್ದು 'ಸಂಬಳಕ್ಕೆ ಮೊದಲ ಪಾಲು'. ಇಬ್ಬರೂ ತಮ್ಮ ತಮ್ಮ ಮಾತನ್ನು ಹಿಡಿದುಕೊಂಡು, ಸುಖವಾಗಿ ಮನೆಗೆ ಬಂದರು.

ಎಡವಟ್ಟಾದದ್ದು ಮರುದಿನ. ಟೈಪಿಂಗ್ ಅಮ್ಮ ಕೊಟ್ಟ ನಿಯಮಗಳ ಕಾಗದವನ್ನು ಮೆತ್ತಣ್ಣ ಬೆಳಕಿಗೆ ಹಿಡಿದು ಓದಿದರು. ಅಲ್ಲಿ ಒಂದು ಸಾಲಿತ್ತು: ಅರ್ಜಿದಾರನ ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ-ಹೊದಿಕೆ, ಇವನ್ನು ಮುಟ್ಟತಕ್ಕದ್ದಲ್ಲ.

ಅವರು ಅದನ್ನು ಮತ್ತೆ ಮತ್ತೆ ಓದಿದರು. ಕಾನೂನು ಬರೆದವರು ಎಲ್ಲೋ ದೂರದಲ್ಲಿ ಕೂತು, ಎಂದಾದರೂ ಒಬ್ಬ ಹಾಸಿಗೆಯವನಿಗೆ ಕಷ್ಟ ಬಂದೀತು ಎಂದು ಯೋಚಿಸಿ ಈ ಸಾಲು ಸೇರಿಸಿದ್ದಾರಲ್ಲ ಎಂದು ಅವರ ಕಣ್ಣು ತುಂಬಿತು. ಪಾತ್ರೆ ಅಂಗಡಿಯವನಿಗೂ ಬಟ್ಟೆ ಅಂಗಡಿಯವನಿಗೂ ಇದೇ ಸಾಲಿನಲ್ಲಿ ಜಾಗ ಸಿಕ್ಕಿರುವುದು ಅವರ ಗಮನಕ್ಕೆ ಬಂತು, ಆದರೆ ಹಾಗಾದರೆ ದಿವಾಳಿ ಕಚೇರಿಗೆ ಮಾರಲು ಉಳಿಯುವುದೇನು ಎಂಬ ಪ್ರಶ್ನೆ ಬರಲಿಲ್ಲ. ಅರ್ಜಿಯಲ್ಲಿ 'ಆಸ್ತಿ' ಎಂಬ ಕಡೆ ತಮ್ಮ ಕೈಯಾರೆ ಬರೆದರು: ಹಾಸಿಗೆಗಳು. ಎದುರಿನ ಷರಾದಲ್ಲಿ ಇನ್ನೂ ದುಂಡಗೆ ಬರೆದರು: ಮುಟ್ಟತಕ್ಕದ್ದಲ್ಲ.

ಅರ್ಜಿ ಕಚೇರಿ ಸೇರುವ ಮುಂಚೆಯೇ ಸುದ್ದಿ ಬೀದಿಗೆ ಹಬ್ಬಿತು. ಮೆತ್ತಣ್ಣನ ಹಾಸಿಗೆಯನ್ನು ಸರ್ಕಾರವೂ ಮುಟ್ಟುವ ಹಾಗಿಲ್ಲವಂತೆ. ಸರ್ಕಾರವೇ ಮುಟ್ಟಬಾರದು ಎಂದ ಮೇಲೆ ಹಣ ಕೇಳಲು ಮೆತ್ತಣ್ಣ ಯಾರು ಎಂದು ಬೀದಿ ತೀರ್ಮಾನಿಸಿತು. ಜನರಿಗೆ ಅವರ ಮೇಲೆ ಹೊಸ ಪ್ರೀತಿ ಬಂತು. ಗಾದೆ ಹೇಳುವುದನ್ನು ನಿಲ್ಲಿಸಿದರು. ಇನ್ನೂ ಹಳೆಯ ಹಾಸಿಗೆಯಲ್ಲೇ ಇದ್ದ ಒಂದೆರಡು ಮನೆಯವರು ಅವಸರವಾಗಿ ಬಂದು ಉಳಿದದ್ದನ್ನೂ ಹೊತ್ತುಕೊಂಡು ಹೋದರು. ಗಾಜಿನ ಹಿಂದಿನದೊಂದು ಬಿಟ್ಟು ಅಂಗಡಿ ಖಾಲಿಯಾಯಿತು.

ಮೊದಲ ವಿಚಾರಣೆ ಕಚೇರಿಯ ಮಹಡಿಯಲ್ಲಿ ನಡೆಯಿತು. ಉದ್ದನೆಯ ಕೋಣೆ, ಗೋಡೆಗೆ ಒತ್ತಿಸಿದ ಬೆಂಚುಗಳು, ಬೇಸರದಿಂದ ತಿರುಗುವ ಒಂದು ಫ್ಯಾನು. ಸಾಲ ಕೊಟ್ಟವರು ಬರಬೇಕು ಎಂದು ನೋಟೀಸು ಹೋಗಿದ್ದು ಕೆಲವರಿಗೆ. ಬಂದದ್ದು ಇಡೀ ಬೀದಿ. ಅಧಿಕಾರಿ ನಡುವಯಸ್ಸಿನ ಹೆಂಗಸು. ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುವ ಅಭ್ಯಾಸ. ಹತ್ತಿ ವ್ಯಾಪಾರಿ ತನ್ನ ಬಾಕಿ ಹೇಳಿದರು, ಕಟ್ಟಡದ ಮಾಲೀಕರು ಬಾಡಿಗೆ ಹೇಳಿದರು, ಗಾಜಿನವರು ಗಾಜಿನ ಬೆಲೆ ಹೇಳಿ, ಅಂಥ ಗಾಜು ಈಗ ಬರುವುದೇ ಇಲ್ಲ ಎಂದು ಸೇರಿಸಿದರು. ಎಲ್ಲ ಬರೆದುಕೊಂಡ ಮೇಲೆ ಅಧಿಕಾರಿ ಆಸ್ತಿಯ ಪುಟಕ್ಕೆ ಬಂದರು. ಷರಾ ಓದಿದರು. ಕನ್ನಡಕ ತೆಗೆದರು.

ಈ ನಿಯಮ ಅರ್ಜಿದಾರ ಸ್ವತಃ ಮಲಗುವ ಹಾಸಿಗೆಗೆ ಮಾತ್ರ ಎಂದು ಅವರು ಸಮಾಧಾನವಾಗಿ ವಿವರಿಸಿದರು. ನಿಮ್ಮ ಮನೆಯಲ್ಲಿ ನೀವು ಯಾವುದರ ಮೇಲೆ ಮಲಗುತ್ತೀರಿ, ಅದನ್ನು ಬಿಟ್ಟುಬಿಡುತ್ತೇವೆ ಎಂದರು.

ಮೆತ್ತಣ್ಣ ಹೆಂಡತಿಯ ಕಡೆ ನೋಡಿದರು.

"ಗೋಣಿಚೀಲದ ಮೇಲೆ" ಎಂದರು ಹೆಂಡತಿ. "ಹತ್ತಿ ತುಂಬಿ ಬರುತ್ತಲ್ಲ, ಆ ಚೀಲ. ಹೊಲಿದಿಟ್ಟ ಹಾಸಿಗೆ ನಮ್ಮನೆಗೆ ಬರೋಕೆ ಮುಂಚೆ ಯಾರಾದ್ರೂ ಮಲಗಿ ನೋಡೋಕೆ ತಗೊಂಡು ಹೋಗಿರ್ತಾರೆ."

ಆ ಚೀಲಗಳು ತಮ್ಮವು, ವಾಪಸ್ ಬರಬೇಕಾದವು ಎಂದು ಹತ್ತಿ ವ್ಯಾಪಾರಿ ಎದ್ದು ನಿಂತು ಹೇಳಿದರು. ಅಧಿಕಾರಿ ಅದನ್ನೂ ಬರೆದುಕೊಂಡರು.

ಹಾಗಾದರೆ ಮಾರಾಟದ ಹಾಸಿಗೆಗಳು ಎಲ್ಲಿವೆ ಎಂಬ ಪ್ರಶ್ನೆ ಬಂತು. ಬೀದಿಯಲ್ಲಿವೆ ಎಂದು ಮೆತ್ತಣ್ಣ ಹೇಳಿದರು. ಬೀದಿಯಲ್ಲಿ ಎಂದರೆ? ಬೀದಿಯ ಮನೆಗಳಲ್ಲಿ. ಮಾರಿದ್ದೀರಾ? ಇಲ್ಲ, ಮಲಗಿ ನೋಡಲು ಒಯ್ದಿದ್ದಾರೆ. ನೋಡುವುದು ಎಂದಿಗೆ ಮುಗಿಯುತ್ತದೆ? ನಿದ್ದೆ ಬಂದಾಗ ಎಂದು ಮೆತ್ತಣ್ಣ ವಿನಯದಿಂದ ಉತ್ತರಿಸಿದರು.

ಅಧಿಕಾರಿ ಪೆನ್ನು ಕೆಳಗಿಟ್ಟರು. ಅಂಗಡಿಯ ಸರಕೆಲ್ಲ ಅರ್ಜಿಗೆ ಮುಂಚೆ ಪರಿಚಯದವರ ಮನೆ ಸೇರಿದೆ, ಅದೂ ಕೊನೆಯ ಕೆಲವು ಅರ್ಜಿಯ ಹಿಂದಿನ ವಾರವೇ. ಹಣ ಬಂದಿಲ್ಲ, ಚೀಟಿ ಇಲ್ಲ. ಇದಕ್ಕೆ ಕಾನೂನಿನಲ್ಲಿ ಬೇರೆಯೇ ಹೆಸರಿದೆ ಎಂದರು. ಆ ಹೆಸರಿನ ಜೊತೆಗೆ ಜೈಲೂ ಇದೆ ಎಂದು ಹೇಳುವಾಗ ಮಾತ್ರ ಅವರ ದನಿ ಸ್ವಲ್ಪ ಇಳಿಯಿತು. ಆಮೇಲೆ ಬೆಂಚುಗಳ ಕಡೆ ತಿರುಗಿ ಕೇಳಿದರು. ಇವರ ಹಾಸಿಗೆಯ ಮೇಲೆ ಯಾರಿಗಾದರೂ ನಿದ್ದೆ ಬಂದಿದೆಯೇ? ಬಂದಿದ್ದರೆ ಅದು ಮಾರಾಟ; ಹಣ ಇವರಿಗೆ ಬರಬೇಕಾದ್ದು; ಬಚ್ಚಿಟ್ಟಂತೆ ಆಗುವುದಿಲ್ಲ.

ಮೊದಲು ಬಾಯಿಬಿಟ್ಟವರು ಕಟ್ಟಡದ ಮಾಲೀಕರು. ಹಾಸಿಗೆ ಬಂದಿರುವುದು ಹೌದು, ಆದರೆ ಅಂದಿನಿಂದ ರೆಪ್ಪೆಗೆ ರೆಪ್ಪೆ ಅಂಟಿಲ್ಲ ಎಂದರು. ಹತ್ತಿ ವ್ಯಾಪಾರಿ, ತಾನು ಮಲಗುತ್ತೇನೆ ಅಷ್ಟೆ, ನಿದ್ದೆ ಬೇರೆ ವಿಷಯ ಎಂದರು. ಗಾಜಿನವರಿಗೆ ಬೆನ್ನು ನೋವು. ಒಬ್ಬರ ಹಿಂದೊಬ್ಬರು ಎದ್ದು ತಮಗೆ ನಿದ್ದೆ ಬಂದಿಲ್ಲವೆಂದು ಹೇಳಿ ಕೂತರು. ನಮ್ಮ ಬೀದಿ ಇಷ್ಟು ಕಷ್ಟದಲ್ಲಿದೆ ಎಂಬುದು ನಮಗೇ ಗೊತ್ತಿರಲಿಲ್ಲ. ಒಂದು ವಾರದ ಮೇಲೆ ಮತ್ತೆ ಸೇರೋಣ, ಅಷ್ಟರಲ್ಲಿ ಒಬ್ಬರಾದರೂ ಸಾಕ್ಷಿ ಹೇಳದಿದ್ದರೆ ಅರ್ಜಿಯನ್ನು ತಿರಸ್ಕರಿಸಿ ಮುಂದಿನ ಕ್ರಮಕ್ಕೆ ಕಳಿಸಬೇಕಾಗುತ್ತದೆ ಎಂದು ಅಧಿಕಾರಿ ಹೇಳಿದರು.

ಆ ವಾರ ನಮ್ಮ ಬೀದಿ ಎಚ್ಚರವಾಗಿತ್ತು. ಹೇಳಿದ ಮಾತಿಗೆ ತಕ್ಕಂತೆ ನಡೆಯಬೇಕಲ್ಲ. ಕಟ್ಟಡದ ಮಾಲೀಕರ ಗೊರಕೆಗೆ ಹೆದರಿ ಪಾರಿವಾಳಗಳು ಕೂಡ ಆ ಚಾವಣಿ ಬಿಟ್ಟು ಹೋಗಿ ವರ್ಷಗಳಾಗಿದ್ದವು. ಅವರು ಈಗ ಎಲ್ಲರಿಗೂ ಕಾಣುವಂತೆ ಬಾಲ್ಕನಿಯಲ್ಲಿ ಅಡ್ಡಾಡತೊಡಗಿದರು. ಹತ್ತಿ ವ್ಯಾಪಾರಿ ಕಣ್ಣಿನ ಕೆಳಗೆ ಕಾಡಿಗೆ ಸವರಿಕೊಂಡು, ಅದು ಬೆವರಿಗೆ ಇಳಿದು, ಅತ್ತವರಂತೆ ಓಡಾಡಿದರು. ಗಾಜಿನವರ ಮನೆಯಲ್ಲಿ ತಾತನನ್ನು ಮಲಗಲು ಬಿಡದೆ ಸರದಿಯ ಮೇಲೆ ಮಾತಾಡಿಸಿದರು. ಒಬ್ಬರು ಕಣ್ಣು ಮುಚ್ಚಿದರೆ ಇನ್ನೊಬ್ಬರು ಅಧಿಕಾರಿಗೆ ಹೇಳಿಬಿಡುತ್ತಾರೆಂದು ಎಲ್ಲರಿಗೂ ಅನುಮಾನ. ಮೊದಮೊದಲು ನಟನೆ, ಎರಡು ಮೂರು ದಿನ ಕಳೆದ ಮೇಲೆ ಅದು ನಿಜವೇ ಆಯಿತು.

ಬೀದಿ ನೀರಿನೊಳಗೆ ಇದ್ದಂತೆ ಕಾಣುತ್ತಿತ್ತು. ಮಾತು ಬಾಯಿಂದ ಹೊರಟು ಎದುರಿನವರ ಕಿವಿ ಮುಟ್ಟಲು ಸಮಯ ಹಿಡಿಯುತ್ತಿತ್ತು. ಕ್ಷೌರಿಕ ಒಬ್ಬರ ಅರ್ಧ ಮೀಸೆ ತೆಗೆದು, ಉಳಿದರ್ಧ ಯಾರದು ಎಂದು ಯೋಚಿಸುತ್ತ ನಿಂತಿದ್ದ. ಅವರೂ ಕನ್ನಡಿಯಲ್ಲಿ ಅದನ್ನೇ ಯೋಚಿಸುತ್ತ ಕೂತಿದ್ದರು. ದಿನಸಿ ಅಂಗಡಿಗೆ ಹೋದವರು ಏನು ಬೇಕಿತ್ತೆಂದು ಮರೆತು ಅಲ್ಲೇ ನಿಲ್ಲುವರು. ಅಂಗಡಿಯವನು ಏನು ಕೇಳಿದರೆಂದು ಮರೆತು ಏನನ್ನೋ ಕಟ್ಟಿಕೊಡುವನು. ಇಬ್ಬರೂ ತೃಪ್ತಿಯಿಂದ ತಲೆಯಾಡಿಸುವರು. ಯಾರೋ ನೆಟ್ಟಗೆ ನಮ್ಮ ಪಕ್ಕದ ಮನೆಯೊಳಗೆ ಹೋಗಿ, ಚಪ್ಪಲಿ ಬಿಟ್ಟು, ಚಹಾ ಕುಡಿದು, ಆಮೇಲೆ ಇದು ತಮ್ಮ ಮನೆಯಲ್ಲವೆಂದು ತಿಳಿದು ಬೇಸರದಿಂದ ಎದ್ದು ಹೋದರು. ಚಹಾ ಕೊಟ್ಟವರಿಗೆ ಅದೂ ತಿಳಿಯಲಿಲ್ಲ.

ಮೆತ್ತಣ್ಣ ಮನೆ ಮನೆಗೂ ಹೋದರು. ಹೆಂಡತಿಯೇ ಕಳಿಸಿದ್ದು. ಕೇಳಬೇಕಾದ ಎರಡು ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಹೊರಳಿಸಿಕೊಂಡು ಹೋಗುವರು, ಬಾಗಿಲು ತೆರೆದ ಕೂಡಲೇ 'ಹೇಗಿದೀರಿ' ಎನ್ನುವರು. ಕೆಂಗಣ್ಣಿನ ಮನೆಯವರು 'ಏನೋ, ನಡೀತಿದೆ' ಎನ್ನುವರು. ಅವರು ಅಷ್ಟಕ್ಕೇ ಕೈ ಮುಗಿದು ಮುಂದಿನ ಮನೆಗೆ ಹೋಗುವರು.

ಮೂಲೆಮನೆಗೆ ಅವರು ಹೋದದ್ದು ಕೇಳಲಿಕ್ಕಲ್ಲ. ಆ ಮನೆಯ ಹೆಂಗಸಿನ ಗಂಡ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಇಬ್ಬರಿಗೆಂದು ಹೊಲಿಸಿದ್ದ ಹಾಸಿಗೆ ಈಗ ಒಂದೇ ಮಗ್ಗುಲಿಗೆ ತಗ್ಗುತ್ತಿತ್ತು. ಮೆತ್ತಣ್ಣ ಆಗಾಗ ಹೇಳದೆ ಕೇಳದೆ ಬಂದು ಅದನ್ನು ತಿರುಗಿಸಿ ಹಾಕಿ ಹೋಗುತ್ತಿದ್ದರು. ಅಂದೂ ತಿರುಗಿಸಿದರು. ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದರು.

"ನಾನು ಬಂದು ಹೇಳ್ತಿದ್ದೆ" ಎಂದರು ಆ ಹೆಂಗಸು. "ಆದ್ರೆ ನನಗೆ ನಿಜವಾಗ್ಲೂ ಬರಲ್ಲ."

"ಗೊತ್ತಮ್ಮ."

"ಹಾಸಿಗೆ ತಪ್ಪಲ್ಲ ಅದು."

ಮೆತ್ತಣ್ಣ ತಲೆಯಾಡಿಸಿದರು. ಬೀದಿಯಲ್ಲಿ ಹಣ ಕೊಟ್ಟಿದ್ದವರು ಆ ಮನೆಯವರೊಬ್ಬರೇ. ಹಾಸಿಗೆ ಬಂದ ದಿನವೇ, ಮಲಗುವ ಮುಂಚೆಯೇ, ಗಂಡ ಹೋಗಿ ಕೊಟ್ಟು ಬಂದಿದ್ದರು.

ಎರಡನೆಯ ವಿಚಾರಣೆಯ ದಿನ ಮಹಡಿಯ ಮೆಟ್ಟಿಲು ಹತ್ತಲು ಬೀದಿಗೆ ಬಹಳ ಹೊತ್ತು ಹಿಡಿಯಿತು. ಬೆಂಚುಗಳ ಮೇಲೆ ಜನ ಒಬ್ಬರಿಗೊಬ್ಬರು ಆನಿಸಿಕೊಂಡು ಕೂತರು. ಅಧಿಕಾರಿ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದರು. ಯಾರೂ ಏಳಲಿಲ್ಲ, ಕೆಲವರಿಗೆ ಏಳಲು ಆಗಲೂ ಇಲ್ಲ. ಅಧಿಕಾರಿ ನಿಟ್ಟುಸಿರು ಬಿಟ್ಟು, ಮುಗಿಸುವ ಮುಂಚೆ ಉಳಿದದ್ದೊಂದಿದೆ ಎಂದು ಕೆಲಸಗಾರನ ಸಂಬಳದ ಪುಟ ತೆಗೆದರು. ಅರ್ಜಿ ಏನಾದರೂ ಆಗಲಿ, ಮಂಚ ಮತ್ತು ಅದರ ಮೇಲಿನ ಹಾಸಿಗೆ ಅಂಗಡಿಯಲ್ಲೇ ಇವೆ; ಅವನ್ನು ಮಾರಿದರೆ ಮೊದಲು ಸಿಗುವುದು ಇವನಿಗೆ. ಕೆಲಸ ಏನು? ಮಲಗುವುದು.

ಇಲ್ಲಿ ಕಟ್ಟಡದ ಮಾಲೀಕರಿಗೆ ಎಚ್ಚರವಾಯಿತು. ಸಿಗುವ ಒಂದೇ ಮಂಚದ ಹಣವೂ ಮಲಗಿದವನ ಪಾಲಾಗುವುದನ್ನು ಅವರಿಂದ ನೋಡಲಾಗಲಿಲ್ಲ. ಇವನು ಕೆಲಸವನ್ನೇ ಮಾಡಿಲ್ಲ ಎಂದು ಆಕ್ಷೇಪಣೆ ಎತ್ತಿದರು. ತಾವು ಗಾಜಿನ ಮುಂದೆ ನಿಂತು ಎಷ್ಟೋ ಸಲ ನೋಡಿದ್ದೇವೆ, ರೆಪ್ಪೆ ಅದುರುತ್ತಿತ್ತು, ಒಮ್ಮೆ ನೊಣ ಕೂತಾಗ ಮೂಗು ಸೊಟ್ಟ ಮಾಡಿದ್ದಾನೆ. ಹತ್ತಿ ವ್ಯಾಪಾರಿಗೂ ಗಾಜಿನವರಿಗೂ ಈಗ ನೆನಪಾಯಿತು: ಹೌದು, ಎಚ್ಚರವಾಗಿಯೇ ಇರುತ್ತಿದ್ದ, ಬರೀ ನಾಟಕ. ಮೂವರೂ ಪ್ರಮಾಣ ಮಾಡಿ ಹಾಗೆಂದು ಹೇಳಿದರು. ಅಧಿಕಾರಿ ಮೂವರ ಹೇಳಿಕೆಯನ್ನೂ ಬರೆದುಕೊಂಡು ಸಹಿ ಹಾಕಿಸಿಕೊಂಡರು. ಭಾವಮೈದುನನ ಕಡೆ ತಿರುಗಿದರು.

ಅವನು ಅದೇ ಇಸ್ತ್ರಿ ಪೈಜಾಮದಲ್ಲಿ ಬಂದಿದ್ದ. ನಿದ್ದೆ ಮಾಡುತ್ತಿದ್ದೆ ಎಂದು ಒಂದು ಮಾತು ಹೇಳಿದ್ದರೆ ಕೋಣೆ ಅವನದು. ಇಡೀ ಊರು ಗಾಜಿನ ಮುಂದೆ ನಿಂತು ನೋಡಿದ ನಿದ್ದೆಯನ್ನು ಇಲ್ಲವೆನ್ನುವುದು ಯಾರಿಗೂ ಸುಲಭವಿರಲಿಲ್ಲ. ಅವನು ಭಾವನ ಹುಬ್ಬಿನ ಮೇಲಿನ ನವಿರನ್ನು ನೋಡಿದ.

"ಇಲ್ಲ" ಎಂದ. "ಒಂದು ದಿನಾನೂ ಮಲಗಿಲ್ಲ. ಅಷ್ಟು ಜನ ನೋಡ್ತಾ ಇದ್ರೆ ಯಾರಿಗೆ ನಿದ್ದೆ ಬರುತ್ತೆ."

ಮೆತ್ತಣ್ಣನ ಹೆಂಡತಿ ತಲೆ ತಗ್ಗಿಸಿದರು. ಹಾಗಾದರೆ ಸಂಬಳ ಸಲ್ಲುವುದಿಲ್ಲ ಎಂದು ಅಧಿಕಾರಿ ಆ ಪುಟದ ಮೇಲೆ ಅಡ್ಡಗೆರೆ ಎಳೆದರು. ಕಟ್ಟಡದ ಮಾಲೀಕರು ಗೆದ್ದವರಂತೆ ಬೆಂಚಿಗೆ ಒರಗಿದರು.

"ಎಚ್ಚರ ಇದ್ದೆನಲ್ಲ" ಎಂದು ಭಾವಮೈದುನ ಮುಂದುವರಿಸಿದ, "ಅದಕ್ಕೇ ಎಲ್ಲಾ ಕೇಳಿಸ್ತಿತ್ತು."

ಮಾಲೀಕರು ಒರಗಿದವರು ನೆಟ್ಟಗಾದರು.

ಏನು ಕೇಳಿಸುತ್ತಿತ್ತು ಎಂದು ಅಧಿಕಾರಿ ಕೇಳಿದರು. ಅವನು, ತನಗೆ ಕಣ್ಣು ತೆರೆದರೆ ಸರಿಯಾಗಿ ನೆನಪಾಗುವುದಿಲ್ಲ ಎಂದು ಅಪ್ಪಣೆ ಕೇಳಿ, ಖಾಲಿ ಬೆಂಚೊಂದರ ಮೇಲೆ ಅಂಗಾತ ಮಲಗಿದ. ಎದೆಯ ಮೇಲೆ ಕೈ ಇಟ್ಟುಕೊಂಡ. ತುಟಿಯ ಮೇಲೆ ಆ ಸಣ್ಣ ನಗು ತಾನಾಗಿ ಬಂತು. ಕಣ್ಣು ಮುಚ್ಚಿ ಹೇಳತೊಡಗಿದ. ಗಾಜಿನ ಮುಂದೆ ಯಾರು ಯಾರೊಂದಿಗೆ ನಿಂತು ಏನೇನು ಹೇಳಿದರು, ಎಲ್ಲ, ಅವರವರ ದನಿಯಲ್ಲೇ. ಕಟ್ಟಡದ ಮಾಲೀಕರು ಕ್ಷೌರಿಕನಿಗೆ ಹೇಳಿದ್ದು:

"ಏನು ಹಾಸಿಗೆ ಮಾರಾಯ. ಬಿದ್ದರೆ ಹೆಣ. ಕಟ್ಟಡ ಕುಸಿದ್ರೂ ಬಾಡಿಗೆದಾರರು ಬಂದು ಎಬ್ಬಿಸಬೇಕು ನನ್ನ. ಹಣ? ಕೇಳಿದರೆ ತಾನೆ. ಅವನು ಕೇಳೋನಲ್ಲ."

ಹತ್ತಿ ವ್ಯಾಪಾರಿ ತನ್ನ ಅಳಿಯನಿಗೆ, ಮೂವತ್ತು ವರ್ಷ ಹತ್ತಿ ಮಾರಿದರೂ ಹತ್ತಿ ಅಂದರೆ ಏನೆಂದು ತಿಳಿದದ್ದು ಈ ಮನುಷ್ಯನ ಹಾಸಿಗೆಯಲ್ಲಿ ಮಲಗಿದ ಮೇಲೆ ಎಂದು ಹೇಳಿದ್ದರು. ಗಾಜಿನವರ ತಾತ, ಸಾಯುವುದಾದರೆ ಇದರ ಮೇಲೆಯೇ ಎಂದಿದ್ದರು, ಆದರೆ ಇದರ ಮೇಲೆ ಮಲಗಿದ ಮೇಲೆ ಸಾಯುವ ಮನಸ್ಸೇ ಆಗುತ್ತಿಲ್ಲ ಎಂದೂ ಸೇರಿಸಿದ್ದರು. ಒಂದೊಂದು ದನಿ ಬಂದಾಗಲೂ ಬೆಂಚಿನ ಮೇಲೆ ಒಂದೊಂದು ತಲೆ ತಗ್ಗುತ್ತಿತ್ತು. ಅವನು ನಿಲ್ಲಿಸಲಿಲ್ಲ. ಮೆಲ್ಲಗೆ, ಒಂದೇ ಸಮನೆ, ನಮ್ಮ ಬೀದಿಯ ನಿದ್ದೆಯನ್ನೆಲ್ಲ ಹೇಳುತ್ತ ಹೋದ. ಯಾರಿಗೆ ಬಾಲ್ಯದ ಮನೆ ಕನಸಿನಲ್ಲಿ ಬಂತು, ಯಾರು ಗಂಡನ ಜೊತೆ ಜಗಳ ಮರೆತು ಎದ್ದರು, ಯಾರ ಮಗು ಮೊದಲ ಸಲ ಅಳದೆ ಬೆಳಗು ಮಾಡಿತು. ಫ್ಯಾನು ತಿರುಗುತ್ತಿತ್ತು. ಕೇಳುತ್ತ ಕೇಳುತ್ತ ವಾರವಿಡೀ ಕಣ್ಣು ಮುಚ್ಚದವರು ಒಬ್ಬೊಬ್ಬರಾಗಿ ಪಕ್ಕದವರ ಹೆಗಲಿಗೆ ವಾಲಿದರು. ಹತ್ತಿ ವ್ಯಾಪಾರಿ ಗಾಜಿನವರ ಮೇಲೆ, ಗಾಜಿನವರು ಗೋಡೆಯ ಮೇಲೆ. ಕೊನೆಗೆ ಕಟ್ಟಡದ ಮಾಲೀಕರ ಗೊರಕೆ ಎದ್ದಿತು. ಕಿಟಕಿಯ ಹೊರಗಿಂದ ಏನೋ ಪಟಪಟ ಹಾರಿಹೋದ ಸದ್ದು ಕೇಳಿತು. ಸಾಕ್ಷಿ ಸಾಕು ಎಂದು ಅಧಿಕಾರಿ ಹೇಳಿದಾಗ ಅದನ್ನು ಕೇಳಿಸಿಕೊಳ್ಳಲು ಎಚ್ಚರವಿದ್ದವರು ನಾಲ್ಕೈದು ಜನ.

ಲೆಕ್ಕ ಬೇಗ ಮುಗಿಯಿತು. ಸಾಕ್ಷಿ ಎಚ್ಚರವಾಗಿದ್ದ ಎಂಬುದಕ್ಕೆ ಮೂವರ ಪ್ರಮಾಣವಿತ್ತು, ಸಹಿ ಸಮೇತ. ಹಾಗಾಗಿ ಹಾಸಿಗೆಗಳೆಲ್ಲ ಮಾರಾಟವಾದವು. ಮಾರಾಟವಾದದ್ದಕ್ಕೆ ಹಣ ಬರಬೇಕು. ಯಾರಿಗೆ ಕೊಡಬೇಕೋ ಅವರಿಂದಲೇ ಬರಬೇಕಾದ್ದೂ ಇದ್ದರೆ ಒಂದಕ್ಕೊಂದು ಮುರಿದುಕೊಳ್ಳಬಹುದು ಎಂದು ನಿಯಮವಿತ್ತು. ಮಾಲೀಕರ ಮನೆಯಲ್ಲಿ ಕೋಣೆಗೊಂದರಂತೆ ಹಾಸಿಗೆಗಳಿದ್ದವು, ಬಾಡಿಗೆ ಅದರಲ್ಲಿ ಮುಳುಗಿತು. ಹತ್ತಿ, ಗಾಜು, ಎಲ್ಲವೂ ಹಾಗೆಯೇ. ಎಲ್ಲ ಕಳೆದ ಮೇಲೂ ಬೀದಿಯಿಂದ ಮೆತ್ತಣ್ಣನಿಗೆ ಬರಬೇಕಾದ್ದೇ ಹೆಚ್ಚಿತ್ತು. ಗೋಣಿಚೀಲ ಮಾತ್ರ ಅವರು ಕೊಡಬೇಕು.

"ಅರ್ಜಿ ವಜಾ ಆಗಿದೆ" ಎಂದರು ಅಧಿಕಾರಿ.

ಮೆತ್ತಣ್ಣನ ಮುಖ ಬಿದ್ದುಹೋಯಿತು. "ಹಾಗಾದ್ರೆ ಬಿಡುಗಡೆ?"

"ನಿಮ್ಮನ್ನ ಬಿಡಿಸೋಕೆ ಏನೂ ಇಲ್ಲ. ನೀವು ದಿವಾಳಿ ಆಗಿಲ್ಲ. ಆಗೋದಕ್ಕೆ ನಿಮ್ಮ ಹತ್ತಿರ ತುಂಬಾ ಇದೆ."

ಅವರು ಮೆಟ್ಟಿಲಿಳಿದು ಬರುವಾಗ ಪರೀಕ್ಷೆಯಲ್ಲಿ ನಪಾಸಾದವರಂತೆ ಇದ್ದರು ಎಂದು ಟೈಪಿಂಗ್ ಅಮ್ಮ ಆಮೇಲೆ ಹೇಳಿದರು. ಸಮಾಧಾನ ಮಾಡಲು ಬೀದಿಯಲ್ಲಿ ಯಾರೂ ಇರಲಿಲ್ಲ. ಬೆಂಚಿನ ಮೇಲೆ ಎದ್ದವರು ಎದ್ದ ಹಾಗೇ ಮನೆಗೆ ಹೋಗಿ, ಇನ್ನು ನಟಿಸುವ ಅಗತ್ಯವಿಲ್ಲದ್ದರಿಂದ, ಬಾಗಿಲು ಹಾಕಿಕೊಂಡು ಮಲಗಿಬಿಟ್ಟಿದ್ದರು. ಅಂದು ಮಧ್ಯಾಹ್ನ ನಮ್ಮ ಬೀದಿಯಲ್ಲಿ ಎಲೆ ಬಿದ್ದ ಸದ್ದೂ ಕೇಳುತ್ತಿತ್ತು. ದಿನಸಿ ಅಂಗಡಿಯ ತಕ್ಕಡಿಯ ಒಂದು ತಟ್ಟೆಯಲ್ಲಿ ಬೆಕ್ಕು ಮಲಗಿತ್ತು, ಇನ್ನೊಂದು ತಟ್ಟೆ ಗಾಳಿಯಲ್ಲಿ ತೂಗುತ್ತಿತ್ತು. ಮೂಲೆಮನೆಯ ಕಿಟಕಿಯೊಂದು ಮಾತ್ರ ತೆರೆದಿತ್ತು.

ಭಾವಮೈದುನ ಮುಂಚೆಯೇ ಬಂದಿದ್ದ. ಕೋಣೆಯ ಆಸೆ ಮುಗಿದ ಮೇಲೆ ಹೋಗಲು ಬೇರೆ ಕಡೆ ಇರಲಿಲ್ಲ, ಅಭ್ಯಾಸಬಲದಿಂದ ಗಾಜಿನ ಹಿಂದೆ ಹೋಗಿ ಒರಗಿದ್ದ. ಮೆತ್ತಣ್ಣನೂ ಹೆಂಡತಿಯೂ ಬಂದು ಹೊರಗೆ ನಿಂತರು. ಕೈ ಎದೆಯ ಮೇಲೆ ಇರಲಿಲ್ಲ, ಮಂಚದಿಂದ ಕೆಳಕ್ಕೆ ಜೋತುಬಿದ್ದಿತ್ತು. ಬಾಯಿ ತೆರೆದಿತ್ತು. ತುಟಿಯ ಅಂಚಿನಿಂದ ಜೊಲ್ಲು ಇಳಿದು, ಊರಿನಲ್ಲೇ ಶ್ರೇಷ್ಠವಾದ ದಿಂಬಿನ ಮೇಲೆ ದೊಡ್ಡ ಒದ್ದೆ ಮಾಡಿತ್ತು. ಒಂದು ಕಾಲಿನ ಪೈಜಾಮ ಮೊಣಕಾಲಿಗೆ ಏರಿತ್ತು. ನೋಡಿದರೆ ಯಾರೂ ಹಾಸಿಗೆ ಕೊಳ್ಳುವಂತಿರಲಿಲ್ಲ.

ಮೆತ್ತಣ್ಣ ಗಾಜಿಗೆ ಹಣೆ ಆನಿಸಿದರು. ಜೀವಮಾನವಿಡೀ ಗಂಟಲಿನಲ್ಲೇ ಇದ್ದ ಮಾತು, ಕೇಳುವವರು ಯಾರೂ ಇಲ್ಲದ ಧೈರ್ಯಕ್ಕೆ, ಮೇಲಕ್ಕೆ ಬಂತು.

"ನಿದ್ದೆ ಬಂತಾ?"

ಅವರು ಬಾಯಿ ಬಿಟ್ಟ ಉಸಿರಿಗೆ ಗಾಜಿನ ಮೇಲೆ ಒಂದು ಮಬ್ಬು ಮೂಡಿ ನಿಧಾನವಾಗಿ ಕರಗಿತು.

ಹೆಂಡತಿ ಅಂಗಡಿಯ ಹಿಂದಿನ ಮನೆಯೊಳಗೆ ಹೋಗಿ ಹತ್ತಿ ವ್ಯಾಪಾರಿಗೆ ವಾಪಸ್ ಕೊಡಬೇಕಾದ ಗೋಣಿಚೀಲಗಳನ್ನು ಎತ್ತಿಕೊಂಡು ಬಂದರು. ಸ್ಟೂಲು ಹತ್ತಿ, ಒಳಗಿನಿಂದ ಗಾಜಿನ ಉದ್ದಕ್ಕೂ ಅವನ್ನು ಒಂದೊಂದಾಗಿ ಇಳಿಬಿಟ್ಟರು. ಗಾಜಿನ ಹಿಂದೆ ಒಂದು ಸಣ್ಣ, ಕತ್ತಲೆಯ ಕೋಣೆಯಾಯಿತು. ಅಂಗಡಿಯ ಕಡೆಯ ಬಾಗಿಲನ್ನು ಸದ್ದಾಗದಂತೆ ಎಳೆದು ಚಿಲಕ ಸರಿಸಿದರು.

ಈಗ ಯಾರಿಗೂ ಕಾಣುವುದಿಲ್ಲವಲ್ಲ ಎಂದು ಮೆತ್ತಣ್ಣ ಮೆಲ್ಲಗೆ ಹೇಳಿದರು.

"ಕಾಣೋದು ಬೇಡ" ಎಂದರು ಹೆಂಡತಿ. "ಇವತ್ತಿನ ಸಂಬಳ ಬರ್ಕೊಳ್ಳಿ."